ಬಳ್ಳಾಪುರದ ಬಳ್ಳ ಯಾವುದು?

ದೊಡ್ಡಬಳ್ಳಾಪುರಕ್ಕೆ ಆ ಹೆಸರು ಹೇಗೆ ಬಂತೆಂದು ಊರಿನಲ್ಲಿ ಕೇಳಿದರೆ ಹಸುವಿನ ಕಥೆಯೇ ಮೊದಲು ಬರುತ್ತದೆ. ಹಸುವೊಂದು ದಿನವೂ ಮಂದೆಯಿಂದ ತಪ್ಪಿಸಿಕೊಂಡು ಹೋಗಿ ಒಂದು ಹುತ್ತದ ಮೇಲೆ ನಿಂತು ಒಂದು ಬಳ್ಳ ಹಾಲು ಸುರಿಸುತ್ತಿತ್ತಂತೆ. ಅದನ್ನು ಕಂಡ ಆವತಿಯ ಪಾಳೆಯಗಾರ ಆ ನೆಲದ ಮಹಿಮೆಗೆ ಬೆರಗಾಗಿ ಅಲ್ಲಿ ಊರು ಕಟ್ಟಿಸಿದನಂತೆ. ಬಳ್ಳದ ಹಾಲು ಬಿದ್ದ ಊರು ಬಳ್ಳಾಪುರವಾಯಿತು. ಕಥೆ ಚೆನ್ನಾಗಿದೆ. ಆದರೆ 'ಬಳ್ಳ' ಎಂದರೆ ಎಷ್ಟು ಎಂಬ ಮರುಪ್ರಶ್ನೆಗೆ ಹಳಬರು ಮಾತ್ರ ಉತ್ತರ ಹೇಳಬಲ್ಲರು. ಅಳತೆಯ ಆ ಪಾತ್ರೆ ಅಂಗಡಿಯಿಂದಲೂ ಕಣದಿಂದಲೂ ಮರೆಯಾಗಿದೆ. ಪದ ಉಳಿದಿರುವುದು ಮುಖ್ಯವಾಗಿ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಎಂಬ ಎರಡು ಊರುಗಳ ಹೆಸರಿನಲ್ಲಿ, ಅದರಲ್ಲೂ ಅದು ಅದೇ ಪದವೇ ಹೌದೋ ಅಲ್ಲವೋ ಎಂಬ ಅನುಮಾನದೊಡನೆ.

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಳ್ಳ ಎಂಬ ಪದದ ಚರಿತ್ರೆ ಒಂದು, ಬಳ್ಳಾಪುರ ಎಂಬ ಹೆಸರಿನ ಮೂಲ ಇನ್ನೊಂದು. ಬರೆದವರಲ್ಲಿ ಹೆಚ್ಚಿನವರು ಎರಡನ್ನೂ ಒಂದೇ ಎಂದು ತಿಳಿದು, ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದ್ದಾರೆ. ಅವನ್ನು ಬಿಡಿಸಿ ನೋಡಿದರೆ ಪದದ ಚರಿತ್ರೆ ಗಟ್ಟಿಯಾಗಿಯೇ ಸಿಗುತ್ತದೆ, ಹೆಸರಿನ ಮೂಲ ಮಾತ್ರ ತೆರೆದ ಪ್ರಶ್ನೆಯಾಗಿ ಉಳಿಯುತ್ತದೆ.

ಅಳತೆಯ ಬಳ್ಳ

ಹಳೆಯ ಮೈಸೂರು ಸೀಮೆಯ ಧಾನ್ಯದ ಲೆಕ್ಕ ಹೀಗಿತ್ತು. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು. ಎರಡು ಸೇರು ಒಂದು ಬಳ್ಳ. ಎರಡು ಬಳ್ಳ ಒಂದು ಇಬ್ಬಳಿಗೆ, ಎರಡು ಇಬ್ಬಳಿಗೆ ಒಂದು ಕೊಳಗ, ಇಪ್ಪತ್ತು ಕೊಳಗ ಒಂದು ಖಂಡುಗ. ಖಂಡುಗವೆಂದರೆ 160 ಸೇರು. ಇಬ್ಬಳಿಗೆ ಎಂಬ ಪದದೊಳಗೆ ಬಳ್ಳವೇ ಕುಳಿತಿದೆ: ಇರ್ ಎಂಬ ಎರಡು, ಅದಕ್ಕೆ ಸೇರಿದ ಬಳ್ಳ. ಒಂದು ಅಳತೆಯ ಹೆಸರು ಇನ್ನೊಂದು ಅಳತೆಯ ಹೆಸರನ್ನು ಹೆತ್ತಿದೆ ಎಂದರೆ ಮೊದಲನೆಯದು ಬಹುಕಾಲ ಜನರ ಕೈಯಲ್ಲಿ ಓಡಾಡಿರಬೇಕು.

ಶಾಸನಗಳ ಕಾಲದ ಕೋಷ್ಟಕ ಕೊಂಚ ಬೇರೆ. ಅಲ್ಲಿ ಸೇರಿನ ಜಾಗದಲ್ಲಿ ಮಾನ ಮತ್ತು ಸೊಲ್ಲಗೆಗಳಿವೆ. ನಾಲ್ಕು ಮಾನಕ್ಕೆ ಒಂದು ಬಳ್ಳ. ದೇವರ ನೈವೇದ್ಯಕ್ಕೆ ಇಷ್ಟು ಅಕ್ಕಿ, ದೀಪಕ್ಕೆ ಇಷ್ಟು ಎಣ್ಣೆ ಎಂದು ದತ್ತಿ ಬಿಡುವಾಗ ಈ ಅಳತೆಗಳು ಸಾಲಾಗಿ ಬರುತ್ತವೆ. ಸೇರು ಬಂದು ಮಾನವನ್ನು ಹಿಂದಕ್ಕೆ ತಳ್ಳಿದ ಮೇಲೂ ಬಳ್ಳ ತನ್ನ ಜಾಗ ಬಿಡಲಿಲ್ಲ. ಕೆಳಗಿನ ಮೆಟ್ಟಿಲು ಬದಲಾಯಿತು, ಮೇಲಿನ ಕೊಳಗ ಮತ್ತು ಖಂಡುಗ ನಿಂತವು, ನಡುವೆ ಬಳ್ಳ ಎರಡೂ ಲೆಕ್ಕಗಳಿಗೆ ಹೊಂದಿಕೊಂಡಿತು. ನನ್ನ ದೃಷ್ಟಿಯಲ್ಲಿ ಈ ಪದದ ಚರಿತ್ರೆಯಲ್ಲಿ ಗಮನಿಸಲೇಬೇಕಾದ ಅಂಶ ಇದು.

ಹುಟ್ಟಿನ ವಿಷಯದಲ್ಲಿ ನಿಘಂಟುಕಾರರಿಗೆ ಹೆಚ್ಚು ಜಗಳವಿಲ್ಲ. ತಮಿಳಿನ 'ವಳ್ಳಂ' ಇದರ ಸೋದರ. ತಮಿಳಿನಲ್ಲಿ ವಳ್ಳಂ ಎಂದರೆ ಉಣ್ಣುವ ಕುಡಿಯುವ ಬಟ್ಟಲು, ಧಾನ್ಯದ ಅಳತೆ, ಚಿಕ್ಕ ದೋಣಿ. ಮಲಯಾಳದಲ್ಲಿ ದೋಣಿಯ ಅರ್ಥವೇ ಮುಂದಾಗಿದೆ. ಕೇರಳದ ವಳ್ಳಂ ಪಂದ್ಯಗಳನ್ನು ಕೇಳದವರಿಲ್ಲ. ಕೊಂಗುನಾಡಿನಲ್ಲಿ ಅದು ಧಾನ್ಯದ ಅಳತೆಯಾಗಿ ಬಾಳಿತು. ತಮಿಳಿನ ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ನಿಯಮವೇ: ವಳ್ಳಿ ಬಳ್ಳಿ, ವೇಲಿ ಬೇಲಿ, ವಾಳೈ ಬಾಳೆ. ಹಾಗೆಯೇ ವಳ್ಳಂ ಬಳ್ಳ. ಒಳಗೆ ಟೊಳ್ಳಾದ, ತುಂಬಿಸಬಹುದಾದ ವಸ್ತು ಎಂಬುದು ಮೂಲ ಅರ್ಥವೆಂದು ತೋರುತ್ತದೆ. ನೀರಿನ ನಾಡಿನಲ್ಲಿ ಅದು ದೋಣಿಯಾಯಿತು, ಬಯಲು ಸೀಮೆಯಲ್ಲಿ ರಾಗಿ ಅಳೆಯುವ ಪಾತ್ರೆಯಾಯಿತು. ಬರೋ ಮತ್ತು ಎಮನೋ 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ಕೋಶ ಇಂಥ ಸಂಬಂಧಗಳನ್ನು ಒಂದೆಡೆ ಕೂಡಿಸಿತು. ಅದಕ್ಕೂ ಮೊದಲು 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲ್ ನಿಘಂಟಿನಲ್ಲಿ ಬಳ್ಳ ಅಳತೆಯೆಂದೇ ದಾಖಲಾಗಿದೆ. ನರಿಯೆಂಬ ಅರ್ಥದ 'ಬಳ್ಳು' ಎಂಬ ಹಳಗನ್ನಡ ಪದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಂದಿನ ಓದುಗರಿಗೆ ಬಳ್ಳ ಗೊತ್ತಿದ್ದರೆ ಬಹುಶಃ ಹಂಪಿಯ ಮಾತಿನಿಂದ. ವಿಜಯನಗರದ ಬೀದಿಗಳಲ್ಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಎಂದು ಶಾಲೆಯ ಪಾಠದಲ್ಲೂ ಭಾಷಣದಲ್ಲೂ ಕೇಳುತ್ತೇವೆ. ರಾಗಿಗೆ, ಹುರುಳಿಗೆ ಹಿಡಿಯುವ ಪಾತ್ರೆಯನ್ನು ಮುತ್ತಿಗೆ ಹಿಡಿದರು ಎನ್ನುವುದರಲ್ಲಿಯೇ ಆ ಮಾತಿನ ಶಕ್ತಿಯಿದೆ. ಬಳ್ಳ ದಿನನಿತ್ಯದ ಸಾಮಾನ್ಯ ಅಳತೆಯಾಗಿದ್ದ ಕಾಲದಲ್ಲಿ ಅದನ್ನು ಕೇಳಿದವರು ಬೆರಗಾಗುತ್ತಿದ್ದರು. ಈಗ ಕೇಳುವವರಿಗೆ ಬಳ್ಳವೂ ಮುತ್ತಿನಷ್ಟೇ ದೂರದ್ದು.

ಎಷ್ಟು ಎಂಬ ಪ್ರಶ್ನೆ

ಬಳ್ಳವೆಂದರೆ ಎರಡು ಸೇರು ಎಂದು ಹೇಳಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಸೇರೇ ಎಲ್ಲ ಕಡೆ ಒಂದಾಗಿರಲಿಲ್ಲ. ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದವಿತ್ತು. ಇಷ್ಟು ರೂಪಾಯಿ ನಾಣ್ಯಗಳ ತೂಕದ ಧಾನ್ಯ ಹಿಡಿಯುವ ಪಾತ್ರೆ ಎಂದು ಸೇರನ್ನು ಗೊತ್ತುಮಾಡುತ್ತಿದ್ದರು. ಆ ರೂಪಾಯಿಗಳ ಸಂಖ್ಯೆ ಪೇಟೆಯಿಂದ ಪೇಟೆಗೆ ಬದಲಾಗುತ್ತಿತ್ತು. ಕಂಠಕ್ಕೆ ಸಮವಾಗಿ ಸವರಿ ಅಳೆದ ಬಳ್ಳ ಬೇರೆ, ಗೋಪುರದ ಹಾಗೆ ಏರಿಸಿ ಅಳೆದ ಬಳ್ಳ ಬೇರೆ. ಕೊಡುವಾಗ ಒಂದು, ತೆಗೆದುಕೊಳ್ಳುವಾಗ ಇನ್ನೊಂದು ಎಂಬ ದೂರು ಸಾಲಗಾರ ರೈತರ ಬಾಯಲ್ಲಿ ಎಂದಿನಿಂದಲೂ ಇತ್ತು.

ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರು, ಕೋಲಾರ, ನಂದಿದುರ್ಗಗಳ ಜೊತೆ ದೊಡ್ಡಬಳ್ಳಾಪುರಕ್ಕೂ ಬಂದಿದ್ದ. ಬೆಳೆ, ಬೆಲೆ, ತೆರಿಗೆಗಳ ಜೊತೆಗೆ ಅಳತೆ ತೂಕಗಳನ್ನು ಊರೂರಿನಲ್ಲಿ ಬರೆದುಕೊಳ್ಳುವುದು ಅವನ ಕ್ರಮ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥವನ್ನು ಓದುವಾಗ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಕಣದ ಹಂಚಿಕೆಯ ವಿವರ. ರಾಶಿ ಅಳೆಯುವ ಮೊದಲು ದೇವರಿಗೆ, ಪೂಜಾರಿಗೆ, ಜೋಯಿಸರಿಗೆ, ಕಮ್ಮಾರನಿಗೆ, ಬಡಗಿಗೆ, ಅಗಸನಿಗೆ, ಕುಂಬಾರನಿಗೆ, ತೋಟಿಗೆ, ತಳವಾರನಿಗೆ, ಕೆರೆಯ ನೀರು ಬಿಡುವ ನೀರಗಂಟಿಗೆ ಅವರವರ ಪಾಲು ಹೋಗಬೇಕು. ಆಮೇಲೆ ಸರ್ಕಾರದ ಭಾಗ, ಕೊನೆಗೆ ರೈತನದು. ಈ ಪಾಲುಗಳೆಲ್ಲ ಇಳಿಯುತ್ತಿದ್ದುದು ಕೊಳಗ, ಬಳ್ಳ, ಸೇರುಗಳ ಮಾತಿನಲ್ಲಿ. ರಾಶಿ ಅಳೆಯುವಾಗ ಮೊದಲ ಎಣಿಕೆಯನ್ನು 'ಒಂದು' ಎನ್ನದೆ 'ಲಾಭ' ಎನ್ನುವ ವಾಡಿಕೆ ಈ ಭಾಗದ ಕಣಗಳಲ್ಲಿ ಬಹುಕಾಲ ನಡೆಯಿತು. ಅಳತೆಯ ಪಾತ್ರೆಗೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿಯೇ ಕೈಗೆತ್ತಿಕೊಳ್ಳುತ್ತಿದ್ದರು. ಅದು ಊರಿನ ಪ್ರತಿಯೊಬ್ಬರ ಹಕ್ಕನ್ನು ಎಲ್ಲರ ಕಣ್ಣೆದುರು ತುಂಬಿ ತೋರಿಸುವ ಪಾತ್ರೆಯಾಗಿತ್ತು.

ಪದ ಮರೆಯಾದ ಬಗೆ

ಬಳ್ಳವನ್ನು ಓಡಿಸಿದ್ದು ಕಿಲೋ ಮತ್ತು ಲೀಟರ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 1956ರಲ್ಲಿ ಸಂಸತ್ತು ಅಳತೆ ತೂಕಗಳ ಮಾನಕ ಕಾಯಿದೆ ಮಾಡಿತು. ಮುಂದಿನ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂತು. ಇದು ನಿಜ, ಆದರೆ ಇಷ್ಟೇ ಕಾರಣವಾಗಿದ್ದರೆ ಸೇರೂ ಪಾವೂ ಹೋಗಬೇಕಿತ್ತು. ಅವು ಹೋಗಿಲ್ಲ. ದೇವನಹಳ್ಳಿ, ಹೊಸಕೋಟೆಯ ಸಂತೆಗಳಲ್ಲಿ ಕಡಲೆಕಾಯಿಯನ್ನೋ ಅವರೆಕಾಯಿ ಕಾಳನ್ನೋ ಸೇರು, ಅಚ್ಚೇರು, ಪಾವುಗಳಲ್ಲಿ ಅಳೆಯುವುದನ್ನು ನೋಡಿದವರು ಎಷ್ಟೋ ಜನ ಇದ್ದಾರೆ. ಮನೆಗಳಲ್ಲಿ ಇಂದಿಗೂ ಅನ್ನಕ್ಕೆ ಅಕ್ಕಿ ಹಾಕುವುದು ಪಾವಿನಲ್ಲಿ. ನೂರು ಸೇರಿನ 'ಪಲ್ಲ'ವೂ ರಾಗಿ ಬೆಳೆಗಾರರ ಮಾತಿನಲ್ಲಿ ಉಳಿದಿದೆ: ಎಕರೆಗೆ ಇಷ್ಟು ಪಲ್ಲ ಬಂತು ಎನ್ನುತ್ತಾರೆ. ಪಾವಿಗೆ ಅಡುಗೆಮನೆ ಆಸರೆಯಾಯಿತು, ಸೇರಿಗೆ ಸಂತೆ, ಪಲ್ಲಕ್ಕೆ ಮೂಟೆ. ಬಳ್ಳಕ್ಕೆ ಆಸರೆಯಾಗಿದ್ದುದು ಕಣದ ಹಂಚಿಕೆ.

ಆ ಹಂಚಿಕೆಯೇ ನಿಂತುಹೋಯಿತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯಿದೆ ಕರ್ನಾಟಕದಲ್ಲಿ 1961ರದು. ತೋಟಿ, ತಳವಾರ, ನೀರಗಂಟಿಗಳಿಗೆ ಕಣದಲ್ಲಿ ಸಲ್ಲುತ್ತಿದ್ದ ಆಯ ಕ್ರಮೇಣ ಸಂಬಳವಾಯಿತು, ಇಲ್ಲವೇ ಏನೂ ಇಲ್ಲವಾಯಿತು. ಖಾಲಿ ಬೀಳತೊಡಗಿದ ಹಗೇವುಗಳಿಗೆ, ಎಂದರೆ ಧಾನ್ಯ ತುಂಬಿಡುವ ನೆಲದಡಿಯ ಕಣಜಗಳಿಗೆ, ರಾಗಿ ತುಂಬುವ ಕೆಲಸವೂ ಕಡಿಮೆಯಾಯಿತು. ಮೆಟ್ರಿಕ್ ಪದ್ಧತಿಯೂ ಆಯದ ಕೊನೆಯೂ ಸುಮಾರು ಒಂದೇ ಹೊತ್ತಿನಲ್ಲಿ ಬಂದದ್ದರಿಂದ ಒಂದರ ಪರಿಣಾಮವನ್ನು ಇನ್ನೊಂದರ ತಲೆಗೆ ಕಟ್ಟಿದ್ದೇವೆ. ಬಳ್ಳವನ್ನು ಕೊಂಡೊಯ್ದದ್ದು ಮುಖ್ಯವಾಗಿ ಎರಡನೆಯದು ಎಂಬುದು ನನ್ನ ತೀರ್ಮಾನ. ಆ ಹಂಚಿಕೆಯಲ್ಲಿ ಹುಟ್ಟಿನ ಮೇಲೆ ಹೇರಿದ ದುಡಿಮೆಯ ಅನ್ಯಾಯವೂ ಇತ್ತು. ಅದು ಹೋದದ್ದು ಒಳ್ಳೆಯದೇ. ಹೋಗುವಾಗ ಅದು ತನ್ನ ಪದಕೋಶವನ್ನೂ ಕರೆದುಕೊಂಡು ಹೋಯಿತು.

ಹುತ್ತದ ಮೇಲಿನ ಹಾಲು

ಈಗ ಊರಿನ ಹೆಸರಿಗೆ ಬರೋಣ. ಮೊದಲ ಪಕ್ಷ ಹಸುವಿನ ಕಥೆಯದು. ಬಿ. ಎಲ್. ರೈಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಈ ಐತಿಹ್ಯವನ್ನು ದಾಖಲಿಸಿತು. ಮುಂದೆ ಬಂದ ಕೈಪಿಡಿಗಳು ಅದನ್ನೇ ಮುಂದುವರಿಸಿದವು.

ಈ ಕಥೆಯ ಬಲ ಅದು ಈ ನೆಲಕ್ಕೆ ಒಪ್ಪುತ್ತದೆ ಎನ್ನುವುದರಲ್ಲಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಘಾಟಿ ಸುಬ್ರಹ್ಮಣ್ಯವಿದೆ. ಅಲ್ಲಿ ನಾಗನ ಆರಾಧನೆ, ಹರಕೆಯ ನಾಗರಕಲ್ಲುಗಳ ಸಾಲು, ಜಾತ್ರೆಯ ಕಾಲಕ್ಕೆ ದನಗಳ ದೊಡ್ಡ ಪರಿಷೆ, ಎಲ್ಲ ಒಂದೇ ಕಡೆ ಸೇರುತ್ತವೆ. ಹುತ್ತವೂ ಹಸುವೂ ಈ ಸೀಮೆಯ ಭಕ್ತಿಯ ಒಳಗೇ ಇರುವ ವಸ್ತುಗಳು. ಎರಡು ಸೇರು ಎಂಬ ಪ್ರಮಾಣವನ್ನೂ ಗಮನಿಸಬೇಕು. ಮೇವು ಕಡಿಮೆಯಿರುವ ಬಯಲು ಸೀಮೆಯ ನಾಟಿ ಹಸು ಒಂದು ದಿನಕ್ಕೆ ಕೊಡುವ ಹಾಲೇ ಹೆಚ್ಚು ಕಡಿಮೆ ಅಷ್ಟು. ಅಂದರೆ ಹಸು ತನ್ನಲ್ಲಿದ್ದುದನ್ನೆಲ್ಲ ಹುತ್ತಕ್ಕೆ ಕೊಟ್ಟಿತು, ಮನೆಯವರಿಗೆ ಏನೂ ಉಳಿಸಲಿಲ್ಲ ಎಂದು ಹಳೆಯ ಕೇಳುಗ ಅರ್ಥಮಾಡಿಕೊಳ್ಳುತ್ತಿದ್ದ. ಕಥೆ ಕಟ್ಟಿದವರಿಗೆ ಅಳತೆಯೂ ಗೊತ್ತಿತ್ತು, ದನವೂ ಗೊತ್ತಿತ್ತು.

ದುರ್ಬಲತೆಯೂ ಅಲ್ಲೇ ಇದೆ. ಹುತ್ತಕ್ಕೆ ಹಾಲು ಸುರಿಸುವ ಹಸು ದಕ್ಷಿಣ ಭಾರತದ ಎಷ್ಟೋ ಕ್ಷೇತ್ರಗಳ ಕಥೆಯಲ್ಲಿ ಬರುತ್ತದೆ. ತಿರುಪತಿಯ ಸ್ಥಳಪುರಾಣದಲ್ಲೂ ಇದೆ. ಎಲ್ಲೆಡೆ ತಿರುಗುವ ಕಥೆ ಈ ಊರಿಗೆ ಬಂದಾಗ, ಇಲ್ಲಿನ ಹೆಸರಿಗೆ ಹೊಂದುವಂತೆ ಅದಕ್ಕೆ ಒಂದು ಬಳ್ಳ ಸೇರಿಕೊಂಡಿತು ಎನ್ನಲು ಅವಕಾಶವಿದೆ. ಬಳ್ಳ ಮುಖ್ಯವಾಗಿ ಧಾನ್ಯ ಅಳೆಯುವ ಪಾತ್ರೆ ಎಂಬುದೂ ನೆನಪಿರಬೇಕು. ಬೆಂಗಳೂರಿನ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಹಸಿದು ಬಂದ ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಬೆಂಗಳೂರು ಎಂದು ನಂಬಿದ್ದೆವು. ಆದರೆ ಸುಮಾರು ಕ್ರಿ.ಶ. 900ರ ಬೇಗೂರು ಶಾಸನ ಬೆಂಗಳೂರು ಎಂಬ ಹೆಸರನ್ನು ಆಗಲೇ ಹೇಳುತ್ತದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಹೆಸರು ಮೊದಲು, ಕಥೆ ಆಮೇಲೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಬಲ್ಲಾಳನ ಪಕ್ಷ

ಎರಡನೆಯ ಪಕ್ಷದವರು ಬಳ್ಳವನ್ನು ಬಿಟ್ಟು ಬಲ್ಲಾಳನನ್ನು ಹಿಡಿಯುತ್ತಾರೆ. ಅವರ ಮುಖ್ಯ ಆಧಾರ 1598ರ ಒಂದು ಶಾಸನ. ಅದರಲ್ಲಿ ಊರಿನ ಹೆಸರು ಬಲ್ಲಾಳಪುರ ಎಂದಿದೆ. ಹೊಯ್ಸಳ ಬಲ್ಲಾಳನ ಹೆಸರಿನಲ್ಲಿ ನೆಲೆಗೊಂಡ ಪುರ ಕಾಲಕ್ರಮದಲ್ಲಿ ಬಳ್ಳಾಪುರವಾಯಿತು ಎಂಬುದು ವಾದ.

ಚರಿತ್ರೆ ಇದಕ್ಕೆ ಅಡ್ಡಿ ಬರುವುದಿಲ್ಲ. 1254ರ ಹೊತ್ತಿಗೆ ಹೊಯ್ಸಳ ರಾಜ್ಯ ಸೋಮೇಶ್ವರನ ಇಬ್ಬರು ಮಕ್ಕಳ ನಡುವೆ ಹಂಚಿಹೋದಾಗ ಕೋಲಾರದ ಕಡೆಯ ಸೀಮೆ ರಾಮನಾಥನ ಪಾಲಿಗೆ ಬಂತು. ಮುಂದೆ ಮೂರನೆಯ ವೀರಬಲ್ಲಾಳ ಎರಡೂ ಭಾಗಗಳನ್ನು ಒಂದುಗೂಡಿಸಿದ. 1292ರಿಂದ 1343ರವರೆಗಿನ ಅವನ ದೀರ್ಘ ಆಳ್ವಿಕೆಯಲ್ಲಿ ಬೆಂಗಳೂರು ಮತ್ತು ಕೋಲಾರದ ಪ್ರದೇಶ ಅವನಿಗೆ ಮುಖ್ಯವಾಗಿತ್ತು; ಇಲ್ಲಿನ ದೇವಾಲಯಗಳಿಗೆ ತೆರಿಗೆ ಬಿಟ್ಟುಕೊಟ್ಟ ಅವನ ಶಾಸನಗಳು, ಎಷ್ಟೋ ಕಡೆ ತಮಿಳಿನಲ್ಲಿ, ಸಿಕ್ಕಿವೆ. ಅಂಥ ರಾಜನ ಹೆಸರಿನಲ್ಲಿ ಒಂದು ಪುರ ಹುಟ್ಟುವುದು ಸಹಜ. ಪುರ ಎಂಬ ಕೊನೆಯೂ ಇದನ್ನೇ ಬೆಂಬಲಿಸುತ್ತದೆ. ನಮ್ಮ ಸೀಮೆಯಲ್ಲಿ ಪುರಕ್ಕೆ ಮುಂದೆ ನಿಲ್ಲುವುದು ಸಾಮಾನ್ಯವಾಗಿ ರಾಜ, ದಂಡನಾಯಕ, ದೇವರು ಅಥವಾ ಊರು ಕಟ್ಟಿಸಿದ ಗೌಡನ ಹೆಸರು: ಸೋಮನಾಥ ದಂಡನಾಯಕನ ಸೋಮನಾಥಪುರ, ರಾಮಾಪುರ, ವೆಂಕಟಾಪುರ, ಕೆಂಪಾಪುರ. ಅಳತೆಯ ಪಾತ್ರೆಗೆ ಪುರ ಸೇರಿದ ಹೆಸರು ಹುಡುಕಿದರೂ ಸಿಗುವುದು ಕಷ್ಟ.

ಹೊರಗಿನಿಂದಲೂ ಹೋಲಿಕೆಗಳು ಸಿಗುತ್ತವೆ.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬಲ್ಲಾರಪುರ ಗೊಂಡ ಅರಸ ಬಲ್ಲಾಳಶಾಹನ ಹೆಸರಿನದು; ಅಲ್ಲಿ ಕೊನೆಯ ಳಕಾರ ರೇಫವಾಗಿ ಉಳಿದಿದೆ. ನಮ್ಮಲ್ಲೇ ಅರಸೀಕೆರೆಗೆ ಹೊಯ್ಸಳರ ಕಾಲದಲ್ಲಿ ಬಲ್ಲಾಳಪುರ ಎಂಬ ಹೆಸರೂ ಇತ್ತು. ಆದರೆ ಈ ಕೊನೆಯ ಉದಾಹರಣೆ ಎರಡೂ ಕಡೆ ಕತ್ತರಿಸುತ್ತದೆ. ಬಲ್ಲಾಳಪುರ ಎಂಬ ಹೆಸರಿಡುವ ಪದ್ಧತಿ ಇತ್ತೆಂದು ಅದು ತೋರಿಸುತ್ತದೆ. ಅರಮನೆ ಕೊಟ್ಟ ಹೆಸರು ಜನರ ನಾಲಗೆಯಲ್ಲಿ ನಿಲ್ಲದೆ ಕೆರೆಯ ಹೆಸರೇ ಗೆದ್ದಿತೆಂದೂ ತೋರಿಸುತ್ತದೆ. ದೇವನಹಳ್ಳಿಗೆ ಟಿಪ್ಪು ಇಟ್ಟ ಯೂಸುಫಾಬಾದ್ ಎಂಬ ಹೆಸರಿಗೂ ಅದೇ ಗತಿಯಾಯಿತು. ಹಾಗಿದ್ದರೆ ಬಳ್ಳಾಪುರದಲ್ಲಿ ಮಾತ್ರ ರಾಜನ ಹೆಸರು ನಿಂತದ್ದು ಏಕೆ ಎಂಬುದಕ್ಕೆ ಈ ಪಕ್ಷದವರು ಉತ್ತರಿಸಬೇಕು. ಬಲ್ಲಾಳ ಎಂದರೆ ಬಲ್ಲಿದನಾದ ಆಳು. ಅದು ತುಳುನಾಡಿನ ಮನೆತನಗಳಿಗೂ ಇರುವ ಬಿರುದು. ಆದ್ದರಿಂದ ಹೊಯ್ಸಳ ದೊರೆಯೇ ಆಗಬೇಕೆಂದಿಲ್ಲ, ಆ ಹೆಸರಿನ ಸ್ಥಳೀಯ ನಾಯಕನೂ ಆಗಿರಬಹುದು. ಮೂರನೆಯ ಬಲ್ಲಾಳನಿಗೂ 1598ರ ಶಾಸನಕ್ಕೂ ನಡುವೆ ಎರಡೂವರೆ ಶತಮಾನದ ಅಂತರವಿದೆ ಎಂಬುದನ್ನೂ ಮರೆಯಬಾರದು. ಶಾಸನ ಬರೆಯುವ ಪಂಡಿತರು ಆಡುಮಾತಿನ ಹೆಸರಿಗೆ ಸಂಸ್ಕೃತದ ಘನತೆ ಕೊಡುವುದು ರೂಢಿಯಾಗಿತ್ತು. ಬಳ್ಳಾಪುರವೇ ಮೂಲವಾಗಿದ್ದು, ಬರೆದವನು ಅದನ್ನು ಬಲ್ಲಾಳಪುರವೆಂದು ತಿದ್ದಿರಬಹುದಾದ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಲಕಾರವೋ ಳಕಾರವೋ

ಭಾಷಾಶಾಸ್ತ್ರದ ಕಡೆಯಿಂದ ನೋಡಿದರೆ ಇಡೀ ಚರ್ಚೆ ಒಂದು ಅಕ್ಷರದ ಮೇಲೆ ನಿಂತಿದೆ. ಬಲ್ಲಾಳಪುರದಲ್ಲಿ ಒತ್ತು ಲಕಾರಕ್ಕೆ, ಬಳ್ಳಾಪುರದಲ್ಲಿ ಳಕಾರಕ್ಕೆ. ನಡುವಿನ ಒಂದು ಅಕ್ಷರ ಜಾರುವುದು ದೊಡ್ಡ ಸಂಗತಿಯಲ್ಲ. ವಿಜಯಪುರ ಬಿಜಾಪುರವಾದದ್ದನ್ನು ಬಲ್ಲೆವು. ಜಾರುವ ಳಕಾರ ತನ್ನ ಗುಣವನ್ನು ಹಿಂದಿನ ಲಕಾರಕ್ಕೆ ಕೊಟ್ಟು ಹೋಯಿತು ಎನ್ನಬಹುದು. ಅದು ಸಾಧ್ಯ, ಆದರೆ ಅದಕ್ಕೆ ಸಾಕ್ಷಿಯಾಗಿ ನಡುವಿನ ರೂಪವೊಂದು ಬೇಕು.

ಬಳ್ಳದ ಪಕ್ಷದವರಿಗೆ ಇನ್ನೊಂದು ತೊಡಕು. ಬಳ್ಳಕ್ಕೆ ಪುರ ಸೇರಿದರೆ ಬಳ್ಳಪುರವಾಗಬೇಕು, ದೀರ್ಘ ಎಲ್ಲಿಂದ ಬಂತು? ಬಲ್ಲಾಳನ ಪಕ್ಷದವರು ಈ ದೀರ್ಘವನ್ನು ತಮ್ಮ ಗೆಲುವೆಂದು ಎತ್ತಿಹಿಡಿಯುತ್ತಾರೆ. ನನಗೆ ಅದು ನಿರ್ಣಾಯಕವೆನಿಸುವುದಿಲ್ಲ. ರಾಮ, ವೆಂಕಟ, ಬಸವ ಎಂಬ ಹ್ರಸ್ವಾಂತ ಹೆಸರುಗಳೂ ರಾಮಾಪುರ, ವೆಂಕಟಾಪುರ, ಬಸವಾಪುರ ಎಂದು ದೀರ್ಘ ಪಡೆದಿವೆ. ಹಾಗಾಗಿ ದೀರ್ಘವೊಂದರಿಂದಲೇ ಬಲ್ಲಾಳ ಸಿದ್ಧನಾಗುವುದಿಲ್ಲ. ಆದರೆ ಹೀಗೆ ದೀರ್ಘ ಪಡೆದವುಗಳಲ್ಲಿ ಹೆಚ್ಚಿನವು ವ್ಯಕ್ತಿಯ ಅಥವಾ ದೇವರ ಹೆಸರುಗಳು. ಪಾತ್ರೆಗಿಂತ ವ್ಯಕ್ತಿಯ ಕಡೆಗೇ ಇದೂ ಬೆರಳು ತೋರಿಸುತ್ತದೆ.

ಉಳಿದ ಊಹೆಗಳನ್ನು ಬೇಗ ಮುಗಿಸಬಹುದು. ಬಳ್ಳಿಯಿಂದ ಬಂತು ಎನ್ನುವವರಿದ್ದಾರೆ. ಬಳ್ಳಿಗಾವೆಯನ್ನು ಶಾಸನಗಳು ಬಳ್ಳಿಪುರ ಎಂದೂ ಕರೆದಿವೆ. ಅಲ್ಲಿ ಇಕಾರ ಉಳಿದಿದೆ, ಇಲ್ಲಿ ಅದರ ಗುರುತೂ ಇಲ್ಲ. ಅರ್ಕಾವತಿಯ ಸೀಮೆಯಾದ್ದರಿಂದ ಹಳ್ಳದಿಂದ ಬಂದಿರಬೇಕು ಎಂಬ ಊಹೆಯೂ ಕೇಳಿಬರುತ್ತದೆ. ಹಳ್ಳದ ಹಳೆಯ ರೂಪ ಪಳ್ಳ. ಪದಾದಿಯ ಪಕಾರ ಕನ್ನಡದಲ್ಲಿ ಹಕಾರವಾಗುತ್ತದೆ, ಬಕಾರವಾಗುವುದಿಲ್ಲ. ಈ ದಾರಿಗಳು ಮುಚ್ಚಿವೆ.

ದೊಡ್ಡದು ಮತ್ತು ಚಿಕ್ಕದು

ಬಳ್ಳಾಪುರಗಳು ಎರಡಿವೆ ಎಂಬ ಸಂಗತಿಗೆ ಚರ್ಚೆಯಲ್ಲಿ ಸಿಗಬೇಕಾದಷ್ಟು ತೂಕ ಸಿಕ್ಕಿಲ್ಲ. ಚಿಕ್ಕಬಳ್ಳಾಪುರ ಎಂದರೆ ಚಿಕ್ಕ ಬಳ್ಳದ ಊರು ಎಂದು ಹಲವರು ಬರೆಯುತ್ತಾರೆ. ಇದು ಕನ್ನಡದ ಊರುಗಳ ಹೆಸರಿನ ನಡೆಗೆ ಒಪ್ಪದ ಅರ್ಥ. ದೊಡ್ಡಬಳ್ಳಾಪುರದ ಪಕ್ಕದಲ್ಲೇ ದೊಡ್ಡತುಮಕೂರು, ಚಿಕ್ಕತುಮಕೂರು ಎಂಬ ಹಳ್ಳಿಗಳಿವೆ. ಅಲ್ಲಿ ದೊಡ್ಡದು ಚಿಕ್ಕದು ಎಂಬುದು ಇಡೀ ಊರಿಗೆ ಅನ್ವಯಿಸುತ್ತದೆಯೇ ಹೊರತು ಹೆಸರಿನೊಳಗಿನ ಒಂದು ತುಂಡಿಗಲ್ಲ. ಮೊದಲು ಬಳ್ಳಾಪುರ ಎಂಬ ಪೂರ್ಣ ಹೆಸರು ಇತ್ತು. ಅದೇ ಹೆಸರಿನ ಇನ್ನೊಂದು ಊರು ಬಂದಾಗ ಗುರುತಿಗಾಗಿ ದೊಡ್ಡ, ಚಿಕ್ಕ ಸೇರಿದವು. ಇಂದಿಗೂ ಸುತ್ತಲ ಹಳ್ಳಿಯವರು 'ಬಳ್ಳಾಪುರಕ್ಕೆ ಹೋಗಿ ಬಂದೆ' ಎಂದೇ ಹೇಳುತ್ತಾರೆ. ಯಾವ ಬಳ್ಳಾಪುರ ಎಂದು ಕೇಳುವವರು ಕಡಿಮೆ.

ಎರಡೂ ಊರುಗಳ ಹುಟ್ಟಿನ ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಇನ್ನೊಂದು ಸುಳಿವು ಸಿಗುತ್ತದೆ. ಎರಡಕ್ಕೂ ಆವತಿಯ ನಾಡಪ್ರಭುಗಳ ಮನೆತನವೇ ಮೂಲ. ಕಂಚಿಯ ಕಡೆಯಿಂದ ಬಂದ ಮೊರಸು ಒಕ್ಕಲಿಗರ ಗುಂಪು ರಾಮಸ್ವಾಮಿ ಬೆಟ್ಟದ ಬುಡದಲ್ಲಿ ತಂಗಿ ಆವತಿಯನ್ನು ಕಟ್ಟಿತು. ಅದರಿಂದ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳು ಬೆಳೆದವು ಎಂಬುದು ಪರಂಪರೆ. ಚಿಕ್ಕಬಳ್ಳಾಪುರದ ಐತಿಹ್ಯದಲ್ಲಿ ಹಸುವಿಲ್ಲ, ಬಳ್ಳವಿಲ್ಲ. ಕೋಡಿಮಂಚೇನಹಳ್ಳಿಯ ಕಾಡಿನಲ್ಲಿ ಬೇಟೆಯಾಡುವಾಗ ಮೊಲವೊಂದು ನಾಯಿಗಳಿಗೆ ಹೆದರದೆ ತಿರುಗಿ ನಿಂತಿತು, ಅದು ಗಂಡು ಮೆಟ್ಟಿದ ನೆಲವೆಂದು ಕೋಟೆ ಕಟ್ಟಿದರು ಎಂಬ ಕಥೆ ಅಲ್ಲಿಯದು. ಹೆಸರು ಒಂದೇ, ಕಥೆ ಬೇರೆ. ಹಾಗಾದರೆ ಚಿಕ್ಕಬಳ್ಳಾಪುರಕ್ಕೆ ಹೆಸರು ಬಂದದ್ದು ತನ್ನದೇ ಯಾವ ಘಟನೆಯಿಂದಲೂ ಅಲ್ಲ, ಮೊದಲೇ ಇದ್ದ ಬಳ್ಳಾಪುರದಿಂದ. ಚಿಕ್ಕಬಳ್ಳಾಪುರ ಕಟ್ಟಿದ ವರ್ಷವನ್ನು ಪರಂಪರೆ 1479 ಎನ್ನುತ್ತದೆ. ಅದನ್ನು ಒಪ್ಪಿದರೆ ಹಿರಿಯ ಬಳ್ಳಾಪುರ ಅದಕ್ಕೂ ಹಿಂದಿನದಾಗಬೇಕು. ಆಗ ಹೊಯ್ಸಳರ ಕಾಲಕ್ಕೂ ಅದಕ್ಕೂ ಇರುವ ದೂರ ಒಂದೂವರೆ ಶತಮಾನಕ್ಕಿಂತ ಕಡಿಮೆಯಾಗುತ್ತದೆ. ಬಲ್ಲಾಳನ ಪಕ್ಷಕ್ಕೆ ಇದು ಅನುಕೂಲ.

ತೀರ್ಮಾನವಾಗದೆ ಉಳಿದವು

ಒಟ್ಟಿನಲ್ಲಿ ವ್ಯಕ್ತಿನಾಮದ ಕಡೆಯೇ ತಕ್ಕಡಿ ವಾಲುತ್ತದೆ ಎಂದು ನನಗೆ ಅನ್ನಿಸಿದೆ. ಆದರೆ ವಾಲುವುದು ಬೇರೆ, ನಿಲ್ಲುವುದು ಬೇರೆ. 1598ಕ್ಕಿಂತ ಹಳೆಯದಾದ, ಊರಿನ ಹೆಸರನ್ನು ಸ್ಪಷ್ಟವಾಗಿ ಹೇಳುವ ಒಂದು ಕಲ್ಲು ಬೇಕು. ಅದರಲ್ಲಿ ಇರುವುದು ಲ್ಲವೋ ಳ್ಳವೋ ಎಂಬುದನ್ನು ಕಣ್ಣಿಟ್ಟು ಓದಬೇಕು. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ 1905ರದು. ಆಗ ಓದಲಾಗದ ಸವೆದ ಅಕ್ಷರಗಳನ್ನು ಇಂದು ಮೂರು ಆಯಾಮದ ಸ್ಕ್ಯಾನಿಂಗಿನಿಂದ ಓದಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಈ ಭಾಗದ ಕಲ್ಲುಗಳ ಮೇಲೆ ಆ ಕೆಲಸ ಮಾಡುತ್ತಿದೆ. 1638ರ ನಂತರ ಈ ಸೀಮೆ ಬಿಜಾಪುರದ ಕೈಗೆ ಹೋಗಿ ಶಹಾಜಿಯ ಜಹಗೀರಾಯಿತು, ಆಮೇಲೆ ಮೊಗಲರ ಸಿರಾ ಸುಬಾಕ್ಕೆ ಸೇರಿತು, 1761ರಲ್ಲಿ ಹೈದರಾಲಿಯ ವಶವಾಯಿತು. ಈ ಆಳ್ವಿಕೆಗಳ ಕಾಗದಗಳಲ್ಲೂ ಊರಿನ ಹೆಸರು ಸಿಗಬಹುದು, ಆದರೆ ಪಾರ್ಸಿ ಬರಹಕ್ಕೆ ಲಕಾರ ಳಕಾರಗಳ ಭೇದವಿಲ್ಲ, ಇಂಗ್ಲಿಷಿಗೂ ಇಲ್ಲ. ಮರಾಠಿಗೆ ಇದೆ. ಆದ್ದರಿಂದ ಮರಾಠಿಯ ಮೋಡಿ ಲಿಪಿಯ ಕಾಗದಗಳಲ್ಲಿ ಊರಿನ ಹೆಸರನ್ನು ಹೇಗೆ ಬರೆದಿದ್ದಾರೆಂದು ಹುಡುಕಬೇಕು. ಮೋಡಿ ಬಲ್ಲ ಕನ್ನಡಿಗರು ಬೆರಳೆಣಿಕೆಯಷ್ಟು ಉಳಿದಿರುವಾಗ ಈ ಕೆಲಸ ತಡವಾದಷ್ಟೂ ಕಷ್ಟ.

ಅಳತೆಯ ಬಳ್ಳದ ವಿಷಯದಲ್ಲಿ ಉಳಿದ ಪ್ರಶ್ನೆ ಇನ್ನೂ ಹತ್ತಿರದ್ದು. ದೊಡ್ಡಬಳ್ಳಾಪುರದ ಪೇಟೆಯ ಬಳ್ಳಕ್ಕೂ ನೆಲಮಂಗಲದ ಹಳ್ಳಿಯ ಬಳ್ಳಕ್ಕೂ ಎಷ್ಟು ವ್ಯತ್ಯಾಸವಿತ್ತು? ಕಣದ ಬಳ್ಳವೂ ಅಂಗಡಿಯ ಬಳ್ಳವೂ ಒಂದೇ ಆಗಿತ್ತೇ? ಎರಡು ಸೇರಿನ ಲೆಕ್ಕ ಎಂದು ನೆಲೆಯಾಯಿತು? ಇವಕ್ಕೆ ಉತ್ತರ ಗ್ರಂಥಾಲಯಗಳಿಗಿಂತ ಮನೆಗಳ ಅಟ್ಟದಲ್ಲಿ ಸಿಗುವ ಸಂಭವ ಹೆಚ್ಚು. ಮರದ, ಹಿತ್ತಾಳೆಯ, ಕಬ್ಬಿಣದ ಹಳೆಯ ಅಳತೆಗಳು ನಿಮ್ಮ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಕಂಠದವರೆಗೆ ರಾಗಿ ತುಂಬಿ ಸವರಿ ತೂಗಿ. ಎಷ್ಟು ಬಂತು, ಯಾವ ಊರಿನದು, ಯಾರ ಕಾಲದ್ದು, ಮೇಲೆ ಯಾವ ಮುದ್ರೆ ಇದೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಬಟ್ಟೆಗೆ ಇದ್ದಿಲು ಬಳಿದು ಬಳಪದಲ್ಲಿ ಬರೆದ ಕಡತಗಳಿದ್ದರೆ ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೆ ತೋರಿಸಿ. ಕಣದಲ್ಲಿ ಆಯ ಅಳೆದದ್ದನ್ನು ಕಣ್ಣಾರೆ ಕಂಡವರು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಈ ವರ್ಷವೇ ಬರೆದುಕೊಳ್ಳಿ.